ನಿಧಾನವಾಗಿ ನೋಡಿದ ಬೆಂಗಳೂರು

ಅಕ್ಕಂದಿರೇ,

ಬೆಂಗಳೂರಿಗೆ ನೀವೂ ಹೋಗಿರುತ್ತೀರಿ. ಆಸ್ಪತ್ರೆಗೆ ಹೋಗಿರುತ್ತೀರಿ. ಮದುವೆ ಸೀರೆ ತರಲು ಹೋಗಿರುತ್ತೀರಿ. ಸೊಪ್ಪು, ಹೂವು ಮಾರಲು ಹೋಗಿರುತ್ತೀರಿ. ಬಸ್ ಇಳಿಯುವುದು, ಕೆಲಸ ಮುಗಿಸುವುದು, ಮತ್ತೆ ಬಸ್ ಹತ್ತುವುದು. ಊರು ಕಣ್ತುಂಬ ನೋಡಿದ್ದು ಉಂಟೇ?

ನಾವೂ ನೋಡಿರಲಿಲ್ಲ. ನಮ್ಮದು ಮಾಗಡಿ ಕಡೆಯ ಹಳ್ಳಿ. ನಮ್ಮ ಕಲಿಕಾ ಕೇಂದ್ರಕ್ಕೆ ಸಂಜೆ ಹೊತ್ತು 14 ಜನ ಬರುತ್ತಾರೆ. ಕೂಲಿಗೆ ಹೋಗುವವರು, ಹೂ ಕಟ್ಟುವವರು, ಗಾರೆ ಕೆಲಸಕ್ಕೆ ಹೋಗುವವರು. ಎಲ್ಲರಿಗಿಂತ ಹಿರಿಯರು ಒಬ್ಬರು ಅಜ್ಜಿ. ವಯಸ್ಸು 70 ದಾಟಿದೆ. ಕನ್ನಡಕ ಹಾಕಿಕೊಂಡು ಮುಂದಿನ ಸಾಲಿನಲ್ಲೇ ಕೂರುತ್ತಾರೆ.

2023ರ ಜೂನ್ 11ರಂದು ರಾಜ್ಯದಲ್ಲಿ ಶಕ್ತಿ ಯೋಜನೆ ಶುರುವಾಯಿತು. ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ದುಡ್ಡಿಲ್ಲ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ತೋರಿಸಬೇಕು. ಕಂಡಕ್ಟರ್ ಸೊನ್ನೆ ರೂಪಾಯಿ ಟಿಕೆಟ್ ಕೊಡುತ್ತಾರೆ. ಅವತ್ತಿನಿಂದ "ಬಸ್ಸಿಗೆ ಕಾಸಿಲ್ಲ" ಎಂಬ ಮಾತು ಹೋಯಿತು. ಇನ್ನೊಂದು ಮಾತು ಮಾತ್ರ ಉಳಿಯಿತು. "ಕೆಲಸ ಇಲ್ಲದೆ ಸುಮ್ನೆ ಊರು ಸುತ್ತೋಕೆ ಹೆಂಗಸ್ರು ಹೋಗ್ತಾರಾ?"

ಈ ಮಾತನ್ನು ಅಂದವರು ಗಾರೆ ಕೆಲಸದ ಅಕ್ಕನ ಯಜಮಾನರು. ಅಜ್ಜಿ ಅವರ ಮನೆ ಬಾಗಿಲಿಗೇ ಹೋದರು. "ನೀನು ಜಾತ್ರೆಗೆ ಹೋಗ್ತೀಯಲ್ಲಪ್ಪ, ಅಲ್ಲಿ ನಿಂಗೇನು ಕೆಲಸ?" ಎಂದು ಕೇಳಿದರು. ಅವರು ನಕ್ಕುಬಿಟ್ಟರು. ಅಲ್ಲಿಗೆ ಒಪ್ಪಿಗೆ ಆದಂತೆ.

ತಿಂಗಳಿಗೆ ಒಂದು ಭಾನುವಾರ ಹೋಗುವುದು ಎಂದು ತೀರ್ಮಾನ ಮಾಡಿದೆವು. ಒಂದೇ ದಿನಕ್ಕೆ ಹತ್ತು ಕಡೆ ಓಡುವುದು ಬೇಡ. ಎರಡು ಮೂರು ಜಾಗ ಸಾಕು. ಬುತ್ತಿ ಕಟ್ಟಿಕೊಂಡು ಹೋಗಬೇಕು. ಕಂಡ ಬೋರ್ಡನ್ನೆಲ್ಲ ಓದಬೇಕು. ಇಷ್ಟೇ ನಮ್ಮ ನಿಯಮ.

ಕೋಟೆ ಮತ್ತು ಮರದ ಅರಮನೆ

ಮೊದಲ ಸಲ ಹೋಗಿದ್ದು ಕೃಷ್ಣರಾಜೇಂದ್ರ ಮಾರುಕಟ್ಟೆಯ ಕಡೆಗೆ. ಬಸ್ಸಿನ ಬೋರ್ಡಿನಲ್ಲಿ ಕೆ.ಆರ್. ಮಾರ್ಕೆಟ್ ಎಂದು ಇರುತ್ತದೆ. ಹೂವಿನ ಅಕ್ಕ ಅಲ್ಲಿಗೆ ನೂರಾರು ಸಲ ಹೋಗಿದ್ದಾರೆ. ಆದರೂ ಮಾರುಕಟ್ಟೆಯ ಪಕ್ಕದಲ್ಲೇ ಕೋಟೆ ಇದೆ ಎಂದು ಅವರಿಗೆ ಗೊತ್ತಿರಲಿಲ್ಲ. "ಹೂವಿನ ಮೂಟೆ ತಲೆ ಮೇಲಿದ್ರೆ ಕತ್ತೆತ್ತಿ ನೋಡೋಕಾಗ್ತದಾ?" ಎಂದರು. ನಿಜವೇ.

1537ರಲ್ಲಿ ಕೆಂಪೇಗೌಡರು ಬೆಂಗಳೂರು ಊರು ಕಟ್ಟಿಸಿದರು. ಆಗ ಇದ್ದದ್ದು ಮಣ್ಣಿನ ಕೋಟೆ. 1761ರಲ್ಲಿ ಹೈದರ್ ಅಲಿ ಕಲ್ಲಿನ ಕೋಟೆ ಕಟ್ಟಿಸಿದರು. ಈಗ ಉಳಿದಿರುವುದು ಅದರ ಒಂದು ತುಂಡು ಮಾತ್ರ. ಅದರ ಬಾಗಿಲಿಗೆ ದೆಹಲಿ ಬಾಗಿಲು ಎಂದು ಹೆಸರು. ತಲೆ ಎತ್ತಿ ನೋಡಿದರೆ ಕತ್ತು ನೋಯುತ್ತದೆ, ಅಷ್ಟು ಎತ್ತರ. ಕೋಟೆ ಗೋಡೆಯಲ್ಲಿ ಒಂದು ಕಲ್ಲಿನ ಫಲಕ ಇದೆ. ಅದು ಇಂಗ್ಲಿಷಿನಲ್ಲಿದೆ. 1791ರ ಮಾರ್ಚ್ 21ರಂದು ಬ್ರಿಟಿಷರು ಗೋಡೆ ಒಡೆದು ನುಗ್ಗಿದ ಜಾಗ ಇದು ಎಂದು ಬರೆದಿದೆ. ನಾವು ಓದಿ ಹೇಳಿದೆವು. "ಗೆದ್ದೋರು ಬರೆಸಿದ್ದಾರೆ. ಸೋತೋರು ಬರೆಸಿದ್ರೆ ಬೇರೆ ಥರ ಇರ್ತಿತ್ತು" ಎಂದರು ಅಜ್ಜಿ.

ಕೆಂಪೇಗೌಡರ ಕಾಲದ ಮಣ್ಣಿನ ಕೋಟೆಯ ಬಗ್ಗೆ ಜನ ಒಂದು ಕಥೆ ಹೇಳುತ್ತಾರೆ. ಕೋಟೆಯ ಬಾಗಿಲು ಕಟ್ಟಿದಷ್ಟೂ ಬೀಳುತ್ತಿತ್ತಂತೆ. ಬಸುರಿಯ ಬಲಿ ಕೊಟ್ಟರೆ ನಿಲ್ಲುತ್ತದೆ ಎಂದು ಯಾರೋ ಹೇಳಿದರಂತೆ. ಕೆಂಪೇಗೌಡರು ಒಪ್ಪಲಿಲ್ಲವಂತೆ. ಅವರ ಸೊಸೆ ಲಕ್ಷ್ಮಮ್ಮ ಬಸುರಿ. ಯಾರಿಗೂ ಹೇಳದೆ ರಾತ್ರಿ ಹೋಗಿ ಪ್ರಾಣ ಕೊಟ್ಟಳಂತೆ. ಕೋರಮಂಗಲದಲ್ಲಿ ಅವಳ ಗುಡಿ ಇದೆ.

ಕಥೆ ಕೇಳಿ ಯಾರೂ ಮಾತಾಡಲಿಲ್ಲ. ಆಮೇಲೆ ಗಾರೆ ಕೆಲಸದ ಅಕ್ಕ ಹೇಳಿದರು. "ಬಾಗ್ಲು ಬೀಳೋದು ಪಾಯ ಸರಿ ಇಲ್ದಿದ್ರೆ. ಮಣ್ಣು ಹದ ಇಲ್ದಿದ್ರೆ. ಪಾಯ ಅಗೆಯೋ ಬದ್ಲು ಹೆಂಗಸಿನ ಕುತ್ತಿಗೆಗೆ ಬಂದ್ರಾ?" ನಮಗೆ ಆ ಮಾತು ಸರಿ ಅನ್ನಿಸಿತು. ಕಥೆಯನ್ನು ಕಥೆ ಎಂದೇ ಕೇಳಬೇಕು. ಆದರೆ ಕೇಳಿದ ಮೇಲೆ ಪ್ರಶ್ನೆ ಕೇಳಲೂಬೇಕು.

ಅಲ್ಲಿಂದ ಸ್ವಲ್ಪ ದೂರ ನಡೆದರೆ ಟಿಪ್ಪುವಿನ ಬೇಸಿಗೆ ಅರಮನೆ. ಟಿಕೆಟ್ ಕೊಳ್ಳಬೇಕು. 1781ರಲ್ಲಿ ಹೈದರ್ ಅಲಿ ಶುರು ಮಾಡಿದ್ದು. 1791ರಲ್ಲಿ ಟಿಪ್ಪು ಸುಲ್ತಾನ್ ಮುಗಿಸಿದ್ದು. ಅರಮನೆ ಅಂದರೆ ಬಂಗಾರ, ಬೆಳ್ಳಿ ಎಂದುಕೊಂಡಿದ್ದೆವು. ಇಲ್ಲಿ ಇರುವುದು ತೇಗದ ಮರದ ಕಂಬಗಳು, ಕಮಾನುಗಳು, ಮೇಲೆ ಉಪ್ಪರಿಗೆ. ಕಂಬಗಳ ಕೆಳಗೆ ಕಲ್ಲಿನ ಪೀಠ ಇದೆ. "ಮರ ನೆಲಕ್ಕೆ ತಾಗಿದ್ರೆ ತೇವ ಏರ್ತದೆ, ಗೆದ್ದಲು ಹತ್ತುತ್ತೆ. ಅದಕ್ಕೇ ಕಲ್ಲು ಕೊಟ್ಟವ್ರೆ" ಎಂದು ಗಾರೆ ಅಕ್ಕನೇ ನಮಗೆ ಪಾಠ ಮಾಡಿದರು. ಅವತ್ತು ಅವರೇ ಟೀಚರು, ನಾವು ಕಲಿಯುವವರು.

ಸ್ವರ್ಗಕ್ಕೂ ಹೊಟ್ಟೆಕಿಚ್ಚು ಬರುವಂಥ ಮನೆ ಇದು ಎಂದು ಪಾರ್ಸಿ ಭಾಷೆಯಲ್ಲಿ ಅಲ್ಲಿ ಬರೆಸಿದ್ದಾರೆ. 1831ರಿಂದ 1868ರವರೆಗೆ ಇದೇ ಮನೆಯಲ್ಲಿ ಸರ್ಕಾರದ ಕಚೇರಿ ನಡೆಯುತ್ತಿತ್ತು. ರಾಜರು ತಂಗಾಳಿಗೆ ಕೂರುತ್ತಿದ್ದ ಜಾಗದಲ್ಲಿ ಗುಮಾಸ್ತರು ಕಾಗದ ಬರೆಯುತ್ತಿದ್ದರು. ಆಮೇಲೆ ಕಚೇರಿಗೆ ಹೊಸ ಮನೆ ಬೇಕಾಯಿತು. ಆ ಮನೆ ಯಾವುದು? ಅದನ್ನು ನೋಡಲು ಮುಂದಿನ ತಿಂಗಳು ಹೋದೆವು.

ಕೆಂಪು ಕಚೇರಿ, ಕಲ್ಲಿನ ಸೌಧ

ಮೆಜೆಸ್ಟಿಕ್‌ನಿಂದ ಈ ಸಲ ಮೆಟ್ರೋ ರೈಲು ಹತ್ತಿದೆವು. ಇದಕ್ಕೆ ಶಕ್ತಿ ಯೋಜನೆ ಇಲ್ಲ, ದುಡ್ಡು ಕೊಡಬೇಕು. ತಾನಾಗಿ ಓಡುವ ಮೆಟ್ಟಿಲ ಮುಂದೆ ಎಲ್ಲರೂ ನಿಂತುಬಿಟ್ಟೆವು. ಒಬ್ಬರ ಸೆರಗು ಇನ್ನೊಬ್ಬರು ಹಿಡಿದುಕೊಂಡು ಹತ್ತಿದ್ದಾಯಿತು. ಹಿಂದಿನಿಂದ ಬಂದ ಕಾಲೇಜು ಹುಡುಗಿ ಅಜ್ಜಿಯ ಕೈ ಹಿಡಿದಳು. ನಿಲ್ದಾಣದ ಹೆಸರು ಕನ್ನಡದಲ್ಲೂ ಬರೆದಿರುತ್ತಾರೆ. ಎರಡನೆಯ ನಿಲ್ದಾಣ ಬಂತು. ಹೂವಿನ ಅಕ್ಕ ಗಟ್ಟಿಯಾಗಿ ಓದಿದರು: "ಡಾ. ಬಿ.ಆರ್. ಅಂಬೇಡ್ಕರ್ ನಿಲ್ದಾಣ, ವಿಧಾನ ಸೌಧ." ಗಾಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ನೋಡಲಿ ಬಿಡಿ.

ಮೇಲೆ ಬಂದರೆ ರಸ್ತೆಯ ಒಂದು ಕಡೆ ಕೆಂಪು ಕಟ್ಟಡ, ಇನ್ನೊಂದು ಕಡೆ ಕಲ್ಲಿನ ಕಟ್ಟಡ. ಎರಡೂ ಒಂದನ್ನೊಂದು ನೋಡುತ್ತಾ ನಿಂತಿವೆ.

ಕೆಂಪು ಕಟ್ಟಡಕ್ಕೆ ಅಠಾರಾ ಕಚೇರಿ ಎಂದು ಹೆಸರು. ಅಠಾರಾ ಅಂದರೆ ಹಿಂದಿ, ಉರ್ದುವಿನಲ್ಲಿ 18. ಸರ್ಕಾರದ 18 ಇಲಾಖೆಗಳು ಇಲ್ಲಿ ಇದ್ದವು. 1864ರಲ್ಲಿ ಕಟ್ಟಲು ಶುರು ಮಾಡಿ 1868ರಲ್ಲಿ ಮುಗಿಸಿದರು. ಟಿಪ್ಪು ಅರಮನೆಯಲ್ಲಿದ್ದ ಕಚೇರಿ ಇಲ್ಲಿಗೇ ಬಂದದ್ದು. ಈಗ ಇದು ಹೈಕೋರ್ಟು. 1980ರ ದಶಕದಲ್ಲಿ ಇದನ್ನು ಕೆಡವುವ ಯೋಚನೆ ಇತ್ತು. ಊರಿನ ಜನ ಬೇಡ ಎಂದು ಹೋರಾಡಿದರು. ಕಟ್ಟಡ ಉಳಿಯಿತು. ಭಾನುವಾರ ಆದ್ದರಿಂದ ಬೇಲಿಯ ಹೊರಗಿನಿಂದಲೇ ನೋಡಿದೆವು.

ಈಗ ಆ ಕಡೆಯ ಕಲ್ಲಿನ ಸೌಧ. ಅಕ್ಕಂದಿರೇ, ಇಲ್ಲಿ ನಾವು ಬಹಳ ಹೊತ್ತು ನಿಂತೆವು. ಯಾಕೆ ಎಂದು ಹೇಳುತ್ತೇವೆ.

ವಿಧಾನ ಸೌಧದ ಅಡಿಗಲ್ಲು ಇಟ್ಟದ್ದು 1951ರ ಜುಲೈ 13ರಂದು, ಪ್ರಧಾನಿ ಜವಾಹರಲಾಲ್ ನೆಹರೂ ಅವರ ಕೈಯಿಂದ. ಮಾರನೆಯ ವರ್ಷ ಕೆಂಗಲ್ ಹನುಮಂತಯ್ಯನವರು ಮುಖ್ಯಮಂತ್ರಿ ಆದರು. ಮೊದಲಿನ ನಕ್ಷೆ ಅವರಿಗೆ ಸಾಲದು ಅನ್ನಿಸಿತು. ನಮ್ಮ ನಾಡಿನ ಗುಡಿ ಗೋಪುರಗಳ ಹಾಗೆ ದೊಡ್ಡದಾಗಿ, ಕಲ್ಲಿನಲ್ಲೇ ಕಟ್ಟಬೇಕು ಎಂದು ಹಟ ಹಿಡಿದರು. ಬಿ.ಆರ್. ಮಾಣಿಕ್ಯಂ ಅವರು ಅದಕ್ಕೆ ಮುಖ್ಯ ಶಿಲ್ಪಿ. 1956ರಲ್ಲಿ ಕೆಲಸ ಮುಗಿಯಿತು. ಸುಮಾರು ಒಂದೂ ಮುಕ್ಕಾಲು ಕೋಟಿ ರೂಪಾಯಿ ಖರ್ಚಾಯಿತು. ಅಷ್ಟು ದುಡ್ಡು ಯಾಕೆ ಎಂದು ಆಗಲೇ ಜನ ಬೈದದ್ದೂ ಉಂಟು.

ಉದ್ದ 700 ಅಡಿ. ಅಗಲ 350 ಅಡಿ. ನಮ್ಮೂರ ದೊಡ್ಡ ಬೀದಿ ಈ ತುದಿಯಿಂದ ಆ ತುದಿವರೆಗೆ ಅಷ್ಟು ಇಲ್ಲ. ಮುಂದುಗಡೆ 45 ಮೆಟ್ಟಿಲು. ಮೆಟ್ಟಿಲ ಮೇಲೆ 40 ಅಡಿ ಎತ್ತರದ 12 ಕಂಬಗಳು. ನಡುವೆ ದೊಡ್ಡ ಗುಮ್ಮಟ. ಅದರ ನೆತ್ತಿಯಲ್ಲಿ ನಾಲ್ಕು ಸಿಂಹಗಳ ಮುದ್ರೆ. ನಮ್ಮ ಹಣದ ನೋಟಿನಲ್ಲೂ ಅದೇ ಸಿಂಹಗಳು ಇವೆ, ತೆಗೆದು ನೋಡಿ.

ಕಲ್ಲು ಎಲ್ಲಿಂದ ಬಂತು? ಬಹುಪಾಲು ಕಲ್ಲು ಮಲ್ಲಸಂದ್ರ, ಹೆಸರಘಟ್ಟದ ಸುತ್ತಿನಿಂದ. ಅಂದಕ್ಕೆ ತುರುವೇಕೆರೆಯ ಕರಿಕಲ್ಲು, ಮಾಗಡಿಯ ನಸುಗೆಂಪು ಕಲ್ಲು. ಮಾಗಡಿ ಎಂದ ಕೂಡಲೇ ನಮ್ಮವರೆಲ್ಲ ಕಿವಿ ನಿಗುರಿಸಿದರು. ನಮ್ಮ ಮನೆ ಹಿಂದಿನ ಬಂಡೆಯ ಬಂಧು ಬಳಗ ಇಲ್ಲಿ ಬಂದು ಕೂತಿದೆ!

ಆಗ ಅಜ್ಜಿ ಹೇಳಿದರು. "ನಮ್ಮಪ್ಪ ಕಲ್ಲುಕುಟಿಗ ಕಣಮ್ಮ. ನಾನು ಕೈಕೂಸು ಆಗಿದ್ದಾಗ ಉಳಿ ಸುತ್ತಿಗೆ ತಗೊಂಡು ಬೆಂಗ್ಳೂರಿಗೆ ಬಂದಿದ್ನಂತೆ. ದೊಡ್ಡ ಮನೆ ಕಟ್ತಾವ್ರೆ, ಅದ್ಕೆ ಕಲ್ಲು ಹೊಡೀತೀನಿ ಅಂತಿದ್ನಂತೆ. ಹಬ್ಬಕ್ಕೆ ಮಾತ್ರ ಊರಿಗೆ ಬರ್ತಿದ್ದ. ಆ ಮನೆ ಇದೇ ಇರ್ಬೇಕು."

ಅಜ್ಜಿ ಇದನ್ನು ನಮಗೆ ಯಾವತ್ತೂ ಹೇಳಿರಲಿಲ್ಲ. ಅದಕ್ಕೇ ಅವರು ಯಜಮಾನರ ಮನೆ ಬಾಗಿಲಿಗೆ ಹೋಗಿ ವಾದ ಮಾಡಿದ್ದು ಎಂದು ಆಗ ತಿಳಿಯಿತು.

ಸುಮಾರು 5,000 ಕೂಲಿಯವರು, 1,500 ಕಲ್ಲುಕುಟಿಗರು, ಗಾರೆಯವರು, ಮರಗೆಲಸದವರು ಇಲ್ಲಿ ದುಡಿದರು ಎಂದು ಲೆಕ್ಕ ಇದೆ. ಜೈಲಿನ ಕೈದಿಗಳೂ ದುಡಿದರು. ಅಜ್ಜಿಯ ಅಪ್ಪ ಆ 1,500ರಲ್ಲಿ ಒಬ್ಬರು ಇರಬೇಕು.

ಸೌಧದ ಮುಂಭಾಗದಲ್ಲಿ ಅಕ್ಷರ ಕೆತ್ತಿದ್ದಾರೆ. ಅಜ್ಜಿ ಕನ್ನಡಕ ಒರೆಸಿಕೊಂಡರು. "ಯಾರೂ ಹೇಳ್ಕೊಡಬೇಡಿ, ನಾನೇ ಓದ್ತೀನಿ" ಎಂದರು. ಮೊದಲನೇ ಪದದಲ್ಲೇ ನಿಂತರು. "ಸ... ಕಾ... ಮೇಲೆ ಇದೇನು ಕೊಕ್ಕೆ?" ಅದು ಅರ್ಕಾವೊತ್ತು. ಬರೆಯುವಾಗ ಕಾ ಆದ ಮೇಲೆ ಬರುತ್ತದೆ. ಓದುವಾಗ ಮೊದಲು 'ರ್' ಎನ್ನಬೇಕು, ಆಮೇಲೆ 'ಕಾ' ಎನ್ನಬೇಕು.

ನೀವೂ ಓದಿ: ಸರ್ಕಾರ. ಕರ್ನಾಟಕ. ಸೂರ್ಯ. ಅರ್ಜಿ. ವರ್ಷ.

ಅಜ್ಜಿ ಓದಿದರು: "ಸರ್ಕಾರದ ಕೆಲಸ ದೇವರ ಕೆಲಸ."

ಓದಿ ಮುಗಿಸಿ ಸುಮ್ಮನೆ ನಿಂತರು. ಆಮೇಲೆ ಕೇಳಿದರು. "ಹಂಗಾದ್ರೆ ನನ್ನ ಪಿಂಚಣಿ ಕಾಗದ ಯಾವ ದೇವ್ರ ಮುಂದೆ ಮಲಗೈತೆ?" ಅವರ ಅರ್ಜಿ ಒಂದು ಕಚೇರಿಯಲ್ಲಿ ನಾಲ್ಕು ತಿಂಗಳಿಂದ ಹಾಗೇ ಬಿದ್ದಿತ್ತು. ನಾವೆಲ್ಲ ನಕ್ಕೆವು. ಬೇಲಿಯ ಬಳಿ ಇದ್ದ ಪೊಲೀಸಿನವರೂ ನಕ್ಕರು.

ಅಜ್ಜಿ ಆ ಪೊಲೀಸಿನವರನ್ನೇ ಕೇಳಿದರು. "ಕಲ್ಲು ಹೊಡೆದೋರ ಹೆಸರು ಎಲ್ಲಾದ್ರೂ ಬರ್ದವ್ರಾ ಸ್ವಾಮಿ?" ಅವರು ಇಲ್ಲಮ್ಮ ಎಂದು ತಲೆ ಅಲ್ಲಾಡಿಸಿದರು. ಪ್ರತಿಮೆಗಳ ಕೆಳಗೆ ಹೆಸರು ಇದೆ. ಕಲ್ಲು ಕಡಿದ ಸಾವಿರ ಜನರ ಹೆಸರು ನಮ್ಮ ಕಣ್ಣಿಗೆ ಬೀಳಲಿಲ್ಲ.

ನಾವು ಹೋದಾಗ ಒಳಗೆ ಬಿಡಲಿಲ್ಲ. 2025ರ ಜೂನ್‌ನಲ್ಲಿ ಸರ್ಕಾರ ಸಾಮಾನ್ಯ ಜನರಿಗೂ ರಜಾ ದಿನಗಳಲ್ಲಿ ಒಳಗೆ ತೋರಿಸುವ ವ್ಯವಸ್ಥೆ ಶುರು ಮಾಡಿತು. ಅದಕ್ಕೆ ಟಿಕೆಟ್ ಮೊದಲೇ ತೆಗೆದುಕೊಳ್ಳಬೇಕು. ಹೋಗುವ ಮುಂಚೆ ವಿಚಾರಿಸಿಕೊಳ್ಳಿ.

ಮಧ್ಯಾಹ್ನ ಕಬ್ಬನ್ ಪಾರ್ಕಿನ ಮರದ ಕೆಳಗೆ ಬುತ್ತಿ ಬಿಚ್ಚಿದೆವು. ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. 1870ರಲ್ಲಿ ಮಾಡಿದ ಪಾರ್ಕು ಇದು. ಅದರೊಳಗೆ ಒಂದು ಕೆಂಪು ಕಟ್ಟಡ ಇದೆ. ಕೆಂಪು ಎಂದರೆ ಇದೂ ಕೋರ್ಟು ಎಂದು ನಮ್ಮವರು ದೂರ ನಿಂತರು. ಬೋರ್ಡು ಓದಿದ ಮೇಲೆ ಗೊತ್ತಾಯಿತು, ಅದು ಗ್ರಂಥಾಲಯ. ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಅವರ ನೆನಪಿಗೆ ಕಟ್ಟಿದ್ದು. ನೂರು ವರ್ಷಕ್ಕೂ ಹಳೆಯದು. 1902ರಲ್ಲಿ ಶಿವನಸಮುದ್ರದ ನೀರಿನಿಂದ ಕರೆಂಟು ತೆಗೆದು ಕೋಲಾರದ ಚಿನ್ನದ ಗಣಿಗೆ ಕೊಟ್ಟರಲ್ಲ, ಆ ಯೋಜನೆಯನ್ನು ಶುರು ಮಾಡಿಸಿದವರು ಇವರೇ. 1905ರಲ್ಲಿ ಬೆಂಗಳೂರಿನ ಬೀದಿಗೂ ಕರೆಂಟು ದೀಪ ಬಂತು.

ಒಳಗೆ ಹೋಗಲು ಹೆದರಿಕೆ. ಚಪ್ಪಲಿ ಬಿಡಬೇಕೇನೋ, ಬೈತಾರೇನೋ ಎಂದು. ಯಾರೂ ಬೈಯಲಿಲ್ಲ. ಕೂತು ಪೇಪರ್ ಓದಲು ದುಡ್ಡೂ ಕೇಳಲಿಲ್ಲ. ಹೂವಿನ ಅಕ್ಕ ದೊಡ್ಡ ಅಕ್ಷರದ ತಲೆಬರಹಗಳನ್ನೆಲ್ಲ ಓದಿದರು. ಸಣ್ಣ ಅಕ್ಷರಕ್ಕೆ ಇನ್ನೂ ಸ್ವಲ್ಪ ದಿನ ಬೇಕು.

ಮಾರನೆಯ ಸಂಜೆ ಕೇಂದ್ರದಲ್ಲಿ ಅಜ್ಜಿಯ ಪುಸ್ತಕ ನೋಡಿದೆವು. ಒಂದು ಸಾಲಿನಲ್ಲಿ ಸರ್ಕಾರದ ಕೆಲಸ ದೇವರ ಕೆಲಸ ಎಂದು ಬರೆದಿದ್ದರು. ಅರ್ಕಾವೊತ್ತು ಸರಿಯಾಗಿ ಬಂದಿತ್ತು. ಅದರ ಕೆಳಗೆ ಬರೆದಿದ್ದರು: ನಮ್ಮಪ್ಪನ ಕೆಲಸ.

ಲಾಲ್‌ಬಾಗಿನ ಬಂಡೆ

ಮೂರನೆಯ ತಿಂಗಳು ಲಾಲ್‌ಬಾಗ್. 1760ರಲ್ಲಿ ಹೈದರ್ ಅಲಿ ಮಾಡಿಸಿದ ತೋಟ. ಗಾಜಿನ ಮನೆಯ ಅಡಿಗಲ್ಲು ಇಟ್ಟದ್ದು 1889ರಲ್ಲಿ. ಜನವರಿ ಮತ್ತು ಆಗಸ್ಟ್ ತಿಂಗಳಲ್ಲಿ ಹೂವಿನ ಪ್ರದರ್ಶನ ಅಲ್ಲಿ ನಡೆಯುತ್ತದೆ. ನಾವು ಹೋದಾಗ ಪ್ರದರ್ಶನ ಇರಲಿಲ್ಲ. ಜನವೂ ಕಡಿಮೆ. ಹಾಗೆ ಹೋಗುವುದೇ ಮೇಲು ಎಂದು ನಮ್ಮ ಅಭಿಪ್ರಾಯ.

ನಮ್ಮವರು ಗಿಡಗಳಿಗಿಂತ ಬಂಡೆಯ ಮೇಲೆ ಹೆಚ್ಚು ಹೊತ್ತು ಕೂತರು. ಬಂಡೆಯ ನೆತ್ತಿಯಲ್ಲಿ ಒಂದು ಪುಟ್ಟ ಗೋಪುರ ಇದೆ. ಊರಿನ ನಾಲ್ಕು ದಿಕ್ಕಿಗೆ ಇರುವ ಕೆಂಪೇಗೌಡರ ಗೋಪುರಗಳಲ್ಲಿ ಇದೂ ಒಂದು. ಕೆಂಪೇಗೌಡರು ನಮಗೆ ದೂರದವರಲ್ಲ. 1569ರಲ್ಲಿ ತೀರಿಕೊಂಡ ಅವರ ಸಮಾಧಿ ನಮ್ಮ ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲೇ ಇದೆ. ಅದು ಅವರದೇ ಎಂದು 2015ರಲ್ಲಿ ಹೊರಗಿನವರಿಗೆ ಗೊತ್ತಾಯಿತು, ಅಲ್ಲಿನ ಕಲ್ಲಿನ ಮೇಲಿದ್ದ ಬರಹ ಓದಿದ ಮೇಲೆ.

"ನಮ್ಮ ಸಾವನದುರ್ಗದ ಮುಂದೆ ಈ ಬಂಡೆ ಮರಿ" ಎಂದರು ಒಬ್ಬರು. ಗಾತ್ರದಲ್ಲಿ ಮರಿ ಹೌದು. ವಯಸ್ಸಿನಲ್ಲಿ ಅಕ್ಕ. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ಸಾವನದುರ್ಗಕ್ಕೆ ಸುಮಾರು 250 ಕೋಟಿ ವರ್ಷ. ಕಲ್ಲಿನ ಬಗ್ಗೆ ಓದಿದವರು ಹೀಗೆ ಲೆಕ್ಕ ಹಾಕಿದ್ದಾರೆ.

ಬಂಡೆಯ ಮೇಲೆ ನಿಂತರೆ ಸುತ್ತ ಎತ್ತರದ ಹೊಸ ಕಟ್ಟಡಗಳು ಕಾಣುತ್ತವೆ. ಗಾರೆ ಅಕ್ಕ ಒಂದೊಂದನ್ನೇ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ ಹೇಳಿದರು. "ಟೀಚರಮ್ಮ, ಅಜ್ಜಿ ಅವತ್ತು ಹೆಸ್ರು ಕೇಳಿದ್ರಲ್ಲ. ನಾನು ಬಂದ್ಮೇಲೆ ಮೇಸ್ತ್ರಿ ಪುಸ್ತಕ ಇಸ್ಕೊಂಡು ನೋಡ್ದೆ. ಈಗ ಓದೋಕೆ ಬರ್ತದಲ್ಲ. ನಮ್ಮೆಜಮಾನ್ರ ಹೆಸ್ರು ಐತೆ. ಪಕ್ಕದಲ್ಲಿ 'ಹೆಣ್ಣಾಳು 1' ಅಂತ ಐತೆ. ಆ ಒಂದು ನಾನೇ. ಹತ್ತು ವರ್ಷದಿಂದ ಬಾಂಡ್ಲಿ ಹೊತ್ತಿದ್ದೀನಿ."

ಯಾರಿಗೂ ತಿಂಡಿ ಸೇರಲಿಲ್ಲ. ಪುಸ್ತಕದಲ್ಲಿ ಹೆಸರು ಇಲ್ಲದಿದ್ದರೆ ನಷ್ಟ ಏನು ಎಂದು ಅಲ್ಲೇ ಕೂತು ಮಾತಾಡಿದೆವು. ನಮಗೆ ತಿಳಿದದ್ದನ್ನು ಹೇಳಿದೆವು. ರಾಜ್ಯದಲ್ಲಿ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಇದೆ. ಗಾರೆ, ಕಲ್ಲು, ಮರ, ಬಣ್ಣದ ಕೆಲಸದವರು ಅದರಲ್ಲಿ ನೋಂದಣಿ ಮಾಡಿಸಬಹುದು. ಗಂಡಸರಿಗೂ ಹೆಂಗಸರಿಗೂ ಒಂದೇ ಲೆಕ್ಕ. ವಯಸ್ಸು 18ರಿಂದ 60ರ ಒಳಗೆ ಇರಬೇಕು. ಹಿಂದಿನ ಒಂದು ವರ್ಷದಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿರಬೇಕು. ಅದಕ್ಕೆ ದಾಖಲೆ ಬೇಕು. ನೋಂದಣಿ ಆದವರಿಗೆ ಹೆರಿಗೆ, ಅಪಘಾತ, ಮಕ್ಕಳ ಓದು, ಪಿಂಚಣಿ ಇವಕ್ಕೆಲ್ಲ ನೆರವು ಇದೆ. 'ಹೆಣ್ಣಾಳು 1' ಎಂಬ ಹೆಸರಿಗೆ ನೆರವು ಕೊಡಲು ಬರುವುದಿಲ್ಲ.

ಮೇಸ್ತ್ರಿ ಮೊದಲು ಒಪ್ಪಲಿಲ್ಲ. "ಗಂಡನ ಹೆಸ್ರಲ್ಲೇ ಕೂಲಿ ಕೊಡ್ತೀನಲ್ಲ, ಇನ್ನೇನು?" ಎಂದರು. ಎರಡು ವಾರ ಮಾತಾಯಿತು. ಯಜಮಾನರು ಮೊದಲು ಸುಮ್ಮನಿದ್ದರು. ಆಮೇಲೆ "ಬರ್ಕೊಳ್ಳಿ ಮೇಸ್ತ್ರಿ, ಅವ್ಳೂ ದುಡೀತಾಳೆ" ಎಂದರು. ಈಗ ಅಕ್ಕನ ಹೆಸರು ಬೇರೆ ಸಾಲಿನಲ್ಲಿದೆ. ಪ್ರತಿ ವಾರ ಅವರೇ ಸಹಿ ಹಾಕುತ್ತಾರೆ. ಈ ಪಾಠ ಬರೆಯುವ ಹೊತ್ತಿಗೆ 61 ದಿನ ಆಗಿದೆ. ಇನ್ನು 29 ದಿನ ಬೇಕು.

ಅಜ್ಜಿಯ ಪಿಂಚಣಿ ಕಾಗದ ಇನ್ನೂ ಬಂದಿಲ್ಲ. ಅವರೇ ನೆನಪಿನ ಪತ್ರ ಬರೆದು ಹಾಕಿದ್ದಾರೆ.

ನೀವು ಮಾಡಿ

ನಿಮ್ಮೂರಿನ ಒಂದು ಕಟ್ಟಡದ ಮುಂದೆ ಹೋಗಿ ನಿಲ್ಲಿ. ಶಾಲೆ ಆಗಬಹುದು, ಗುಡಿ, ಮಸೀದಿ, ಕೆರೆಯ ತೂಬು ಆಗಬಹುದು. ಅಲ್ಲಿನ ಕಲ್ಲಿನ ಮೇಲೆ ಯಾರ ಹೆಸರು ಇದೆ, ಓದಿ. ಅದನ್ನು ಕಟ್ಟುವಾಗ ಯಾರು ಯಾರು ಮಣ್ಣು ಹೊತ್ತರು, ಕಲ್ಲು ಹೊತ್ತರು ಎಂದು ಊರಿನ ಹಿರಿಯರನ್ನು ಕೇಳಿ. ಹೆಂಗಸರ ಹೆಸರನ್ನೂ ಕೇಳಿ, ಅವರು ತಾವಾಗಿ ಹೇಳುವುದಿಲ್ಲ. ಐದು ಹೆಸರು ಸಿಕ್ಕಿದರೂ ಸಾಕು. ಕೆಳಗೆ ಗೆರೆ ಎಳೆದ ಜಾಗದಲ್ಲಿ ಬರೆಯಿರಿ. ಅರ್ಕಾವೊತ್ತು ಬಂದರೆ ನಿಧಾನವಾಗಿ ಬರೆಯಿರಿ.